ಗಂಗಾ ತಲಾವಿನ ಶಿವರಾತ್ರಿ

ಹುಟ್ಟಿದ ನೆಲವನ್ನು ಬಿಟ್ಟು ಹೊರಟವರ ಜೊತೆಯಲ್ಲಿ ಹೊಲ ಮನೆಗಳಾಗಲಿ, ಕೆರೆ ಬಾವಿಗಳಾಗಲಿ, ಗುಡಿ ಗೋಪುರಗಳಾಗಲಿ ಬರಲಾರವು. ಬರುವುದು ನಂಬಿಕೆಯೊಂದೇ. ಈ ಮಾತಿನ ಸತ್ಯವನ್ನು ಕಣ್ಣಾರೆ ಕಾಣಬೇಕಾದರೆ ಹಿಂದೂ ಮಹಾಸಾಗರದ ಪುಟ್ಟ ದ್ವೀಪವಾದ ಮಾರಿಷಸ್ಸಿನ ಮಹಾಶಿವರಾತ್ರಿಯನ್ನು ನೋಡಬೇಕು.

ನಾವು ಮೊದಲು ದರ್ಶಿಸಿದ್ದು ದೇವಾಲಯವನ್ನಲ್ಲ. ರಾಜಧಾನಿ ಪೋರ್ಟ್ ಲೂಯಿಯ ಬಂದರಿನ ‘ಆಪ್ರವಾಸಿ ಘಾಟ್’ ಎಂಬ ತಾಣವನ್ನು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು ಭಾರತದ ಕರಾರು ಕೂಲಿಗಳನ್ನು ಹೊತ್ತು ಈ ಬಂದರಿಗೆ ಬಂದಿತು. ಅಂದಿನಿಂದ 1920ರವರೆಗೆ ಸುಮಾರು 5 ಲಕ್ಷ ಜನ ಹೀಗೆ ಬಂದಿಳಿದರೆಂದು ಚರಿತ್ರೆ ಹೇಳುತ್ತದೆ. ಬಹುಮಂದಿ ಕಬ್ಬಿನ ತೋಟಗಳಲ್ಲಿ ಬೆವರು ಸುರಿಸಿದರು. ಬಿಹಾರ ಮತ್ತು ಉತ್ತರ ಪ್ರದೇಶದ ಭೋಜಪುರಿ ಜನರೇ ಅಧಿಕ. ತಮಿಳರು, ತೆಲುಗರು, ಮರಾಠಿಗರೂ ಇದ್ದರು. ಅವರು ಹತ್ತಿ ಬಂದ 16 ಕಲ್ಲಿನ ಮೆಟ್ಟಿಲುಗಳು ಇಂದಿಗೂ ಉಳಿದಿವೆ. 2006ರಲ್ಲಿ ಈ ತಾಣವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಗಂಗೆಯನ್ನು ತೊರೆದು ಬಂದ ಈ ಜನರಿಗೆ ಶಿವರಾತ್ರಿಯಂದು ಅಭಿಷೇಕಕ್ಕೆ ಗಂಗಾಜಲವೆಲ್ಲಿಯದು? 1897ರಲ್ಲಿ ಉತ್ತರ ಭಾಗದ ತ್ರಿಯೋಲೆ ಗ್ರಾಮದ ಪುರೋಹಿತರಾದ ಝುಮ್ಮನ್ ಗಿರಿಯವರಿಗೆ ಒಂದು ಕನಸು ಬಿತ್ತಂತೆ. ದ್ವೀಪದ ದಕ್ಷಿಣದ ಬೆಟ್ಟಸೀಮೆಯ ಸರೋವರವೊಂದಕ್ಕೆ ಸಾಕ್ಷಾತ್ ಗಂಗೆಯ ಸಂಬಂಧವಿರುವುದನ್ನು ಅವರು ಅದರಲ್ಲಿ ಕಂಡರು. ಮರುವರ್ಷ ಭಕ್ತರು ನಡೆದೇ ಹೋಗಿ ಅಲ್ಲಿಯ ನೀರನ್ನು ತಂದು ಶಿವನಿಗೆ ಎರೆದರು. 1972ರಲ್ಲಿ ಭಾರತದಿಂದ ಗಂಗಾಜಲವನ್ನು ತಂದು ಸರೋವರಕ್ಕೆ ಬೆರೆಸಲಾಯಿತು. ಅದುವೇ ಇಂದಿನ ಗಂಗಾ ತಲಾವ್.

ಸಮುದ್ರಮಟ್ಟದಿಂದ ಸುಮಾರು 1800 ಅಡಿ ಎತ್ತರದಲ್ಲಿರುವ ಈ ಸರೋವರವು ಆರಿಹೋದ ಜ್ವಾಲಾಮುಖಿಯ ಕುಳಿಯಲ್ಲಿ ನಿಂತಿದೆ. ನಮ್ಮಲ್ಲಿ ಚಳಿ ಹಿಂಜರಿಯುವ ಕಾಲಕ್ಕೆ ಅಲ್ಲಿ ಬೇಸಿಗೆ ಮತ್ತು ಮಳೆ. ಬಿಸಿಲಿಗೂ ಮಳೆಗೂ ಅಂಜದೆ, ಬಿಳಿಯ ಉಡುಪು ತೊಟ್ಟ ಲಕ್ಷಾಂತರ ಭಕ್ತರು ಊರೂರುಗಳಿಂದ ಹೊರಟು ಬರುತ್ತಾರೆ. ದಾರಿಯುದ್ದಕ್ಕೂ ಚಪ್ಪರ ಹಾಕಿ ನೀರು, ಹಣ್ಣು, ಊಟ ನೀಡಿ ಕಾಲ್ನಡೆಯವರನ್ನು ಆದರಿಸುವ ಪರಿ ನಮ್ಮ ದಾಸೋಹವನ್ನು ನೆನಪಿಗೆ ತಂದಿತು. ಸರೋವರದ ನೀರನ್ನು ಹೊತ್ತು ಊರಿಗೆ ಮರಳಿ, ಶಿವರಾತ್ರಿಯ ನಾಲ್ಕು ಯಾಮಗಳಲ್ಲಿ ಶಿವಪೂಜೆ ನಡೆಸುತ್ತಾರೆ.

ಸರೋವರದ ಪ್ರವೇಶದಲ್ಲಿ 108 ಅಡಿ ಎತ್ತರದ ಮಂಗಳ ಮಹಾದೇವನ ಮೂರ್ತಿಯು 2007ರಿಂದ ನಿಂತಿದೆ. ಅದರ ಭವ್ಯತೆ ಅಲ್ಲಗಳೆಯುವಂಥದಲ್ಲ. ಆದರೂ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು, ಸಣ್ಣ ತಂಬಿಗೆಯಲ್ಲಿ ನೀರು ತುಂಬಿಕೊಂಡು ಮೌನವಾಗಿ ಹಿಂದಿರುಗುವ ವೃದ್ಧರ ಸಾಲು.

ಇಲ್ಲೊಂದು ನೋವಿನ ಸಂಗತಿಯನ್ನೂ ಹೇಳಲೇಬೇಕು. ಬಿದಿರಿನಿಂದ ಕಟ್ಟಿ ಹೂವು ಬಣ್ಣಗಳಿಂದ ಸಿಂಗರಿಸುವ ಕಾವಡಿಗಳು ಕಾಲಕ್ರಮದಲ್ಲಿ ರಥಗಳಷ್ಟು ಎತ್ತರಕ್ಕೆ ಬೆಳೆದವು. 2024ರ ಮಾರ್ಚ್ 3ರಂದು ಅಂಥದೊಂದು ವಿದ್ಯುತ್ ತಂತಿಗೆ ತಗಲಿ ಬೆಂಕಿ ಹೊತ್ತಿ, ಆರು ಮಂದಿ ಯಾತ್ರಿಕರು ಪ್ರಾಣ ಕಳೆದುಕೊಂಡರು. ಭಕ್ತಿಯ ಅಳತೆಯು ಕಾವಡಿಯ ಎತ್ತರದಲ್ಲಿಲ್ಲವೆಂಬುದನ್ನು ಇಷ್ಟು ದುಬಾರಿ ಬೆಲೆ ತೆತ್ತು ಕಲಿಯಬಾರದಿತ್ತು. ಮೊದಲು ಆ ಸರೋವರಕ್ಕೆ ನಡೆದು ಬಂದ ಬಡ ಕೂಲಿಗಳ ಕೈಯಲ್ಲಿ ಆಡಂಬರಕ್ಕೆ ಏನಿದ್ದೀತು?

ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಕಡಲಾಚೆ ನೆಲೆಸಿದ್ದಾರೆ. ಅಲ್ಲಿ ನಮ್ಮ ಆಚಾರಗಳು ಉಳಿದಾವೆಯೇ ಎಂದು ಹಿರಿಯರು ಕಳವಳಪಡುವುದು ಸಹಜ. ಓದು ಬರಹ ಬಾರದ ಕೂಲಿಗಳೂ ಅನ್ಯನೆಲದಲ್ಲಿ ತಮ್ಮ ಗಂಗೆಯನ್ನು ಕಂಡುಕೊಂಡು ಹಲವು ತಲೆಮಾರುಗಳಿಗೆ ದಾಟಿಸಿದ್ದಾರೆ. ಮನೆಯಲ್ಲಿ ಪೂಜೆ, ನೆರೆಯವರಿಗೆ ಅನ್ನ, ನಡೆಯಲ್ಲಿ ಸರಳತೆ, ಇವಿಷ್ಟನ್ನು ನಾವು ಮಕ್ಕಳಿಗೆ ರೂಢಿಸಿದರೆ ಅವರು ಎಲ್ಲಿದ್ದರೂ ಶಿವರಾತ್ರಿಯ ಜಾಗರಣೆಗೆ ಅವರ ಮನೆಯ ದೀಪವೊಂದು ಉರಿದೇ ಉರಿಯುತ್ತದೆ.