ಮೇ ದಾಟುವ ಹೂಗಳು

ನಾಗಪುರ ಅಂದ ಕೂಡಲೇ ಊರ ಕಡೆಯವರು ಕೇಳುವುದು ಎರಡೇ: ಕಿತ್ತಳೆ ಮತ್ತು ಬಿಸಿಲು. ಕಿತ್ತಳೆ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಬಿಸಿಲನ್ನು ಬಿಟ್ಟು ಇಲ್ಲಿ ಹೂದೋಟದ ಮಾತು ಆಡುವ ಹಾಗೇ ಇಲ್ಲ ನೋಡಿ. ಮೇ ತಿಂಗಳಲ್ಲಿ 45 ಡಿಗ್ರಿ ಮಾಮೂಲಿ. ಇದೇ ಊರು 2018ರ ಡಿಸೆಂಬರ್ ಕೊನೆಯಲ್ಲಿ 3.5 ಡಿಗ್ರಿಗೆ ಇಳಿದಿತ್ತು. ನಡುವೆ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಳೆ. ಮೂರನ್ನೂ ತಡೆದುಕೊಂಡು ವರ್ಷ ವರ್ಷ ಹೂ ಬಿಡುವ ಗಿಡ ಬೇಕು ನಮಗೆ.

ಬ್ಯಾಂಕಿನ ನೌಕರಿಯಲ್ಲಿ ಟ್ರಾನ್ಸ್‌ಫರ್ ತಪ್ಪಿದ್ದಲ್ಲ. ಹಾಗಾಗಿ ಇಷ್ಟು ವರ್ಷ ನಮ್ಮ ತೋಟವೆಲ್ಲ ಕುಂಡದಲ್ಲೇ. ಚಳಿಗಾಲದಲ್ಲಿ ಪಿಟೂನಿಯಾ, ಡೇಲಿಯಾ ತರುವುದು, ಹೋಳಿ ಹೊತ್ತಿಗೆ ಅವು ಒಣಗಿದರೆ ಕುಂಡ ಖಾಲಿ ಮಾಡುವುದು. ಈಗ ಸ್ವಂತ ಮನೆಯ ಮುಂದೆ ಹನ್ನೆರಡು ಅಡಿಗೆ ಇಪ್ಪತ್ತು ಅಡಿ ನೆಲ ಇದೆ. ನೆಲದಲ್ಲಿ ಊರಿದ ಗಿಡ ಲಾರಿ ಹತ್ತುವುದಿಲ್ಲವಲ್ಲ, ಅದಕ್ಕೇ ಯೋಚನೆ ಜಾಸ್ತಿ.

ಧಾರವಾಡದ ನಮಗೆ ಎರಿ ಮಣ್ಣು ಹೊಸದಲ್ಲ. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಅಂಟು ರಾಡಿ. ಬಿಸಿಲಿಗಿಂತ ಹೆಚ್ಚು ಗಿಡ ಸಾಯುವುದು ಬೇರಿನಲ್ಲಿ ನೀರು ನಿಂತು. 2023ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ ನೂರು ಮಿಲಿಮೀಟರ್ ದಾಟಿ ಮಳೆ ಬಿದ್ದು ಅಂಬಾಝರಿ ಕೆರೆ ಉಕ್ಕಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದ್ದರಿಂದ ಮೊದಲ ಕೆಲಸ, ಮಡಿಯನ್ನು ಒಂದು ಅಡಿ ಎತ್ತರಿಸಿದ್ದು. ತಳಕ್ಕೆ ಮುರುಮ್, ಮೇಲೆ ಮಣ್ಣು ಮತ್ತು ಹಳೆಯ ಸಗಣಿ ಗೊಬ್ಬರ, ಸುತ್ತ ಇಟ್ಟಿಗೆ. ಮೇ ತಿಂಗಳಲ್ಲೇ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಎರಡು ಮೂರು ಒಳ್ಳೆಯ ಮಳೆಯಾದ ಮೇಲೆ ನೆಟ್ಟೆವು.

ಆಮೇಲೆ ಜಾಗದ ಹಂಚಿಕೆ. ಮಧ್ಯಾಹ್ನದ ಬಿಸಿಲು ಹೊಡೆಯುವ ಪಶ್ಚಿಮದ ಗೋಡೆಗೆ ಬೋಗನ್‌ವಿಲ್ಲಾ. ಅದಕ್ಕೆ ಬಿಸಿಲೇ ಊಟ. ಪಕ್ಕದಲ್ಲಿ ಕಣಗಿಲೆ. ಅದರ ಎಲೆ, ಹೂ, ಹಾಲು ಎಲ್ಲವೂ ವಿಷ, ಹಾಗಾಗಿ ಮಕ್ಕಳ ಕೈಗೆ ಸಿಗದ ಮೂಲೆಯಲ್ಲಿ. ಪೂರ್ವಕ್ಕೆ ದುಂಡುಮಲ್ಲಿಗೆ, ನಂದಿಬಟ್ಟಲು, ಪಾರಿಜಾತ. ಮಧ್ಯಾಹ್ನ ನೆರಳು ಬೀಳುವ ಕಡೆ ದಾಸವಾಳ, ಕನಕಾಂಬರ. ನರ್ಸರಿಯಲ್ಲಿ ಮಲ್ಲಿಗೆ ಅಂದರೆ ತಿಳಿಯದು, ಮೋಗ್ರಾ ಅನ್ನಬೇಕು. ದಾಸವಾಳ ಜಾಸ್ವಂದ್. ಕನಕಾಂಬರ ಮಾತ್ರ ಅಬೋಲಿ. ನಮ್ಮ ಅಬ್ಬಲಿಗೆಯೇ! ಆ ಒಂದು ಶಬ್ದ ಕೇಳಿ ನಮ್ಮವಳ ಮುಖ ಅರಳಿತು.

ಇಲ್ಲಿ ಗಿಡ ಸಾಕುವವರಿಗೆ ಎರಡು ಮಾತು. ಕೂಲರಿನ ಟ್ಯಾಂಕಿನಲ್ಲಿ ಉಳಿದ ನೀರನ್ನು ಗಿಡಕ್ಕೆ ಸುರಿಯಬೇಡಿ. ನೀರು ಆವಿಯಾಗಿ ಉಪ್ಪಿನಂಶ ತಳದಲ್ಲಿ ಉಳಿದಿರುತ್ತದೆ, ಎಲೆಯ ತುದಿ ಸುಡುತ್ತದೆ. ಇನ್ನು, ಬೇಸಿಗೆಯಲ್ಲಿ ಪಾರಿಜಾತ ಎಲೆ ಉದುರಿಸಿ ಬೋಳಾದರೆ ಸತ್ತಿತೆಂದು ಕೀಳಬೇಡಿ. ಕೊಂಬೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಕಾಯಿರಿ, ಮಳೆಗೆ ಚಿಗುರುತ್ತದೆ. ಮಲ್ಲಿಗೆಗೆ ಮಾತ್ರ ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ ಸವರಬೇಕು. ಫೆಬ್ರುವರಿಯಿಂದ ಮತ್ತೆ ನೀರು, ಗೊಬ್ಬರ ಕೊಟ್ಟರೆ ಉರಿ ಬಿಸಿಲಲ್ಲೇ ಬುಟ್ಟಿ ತುಂಬಾ ಹೂ.

ಕೊನೆಗೆ ಗೇಟಿನ ಹತ್ತಿರದ ಮೂಲೆ ಉಳಿಯಿತು, ಸಂಪಿಗೆಗೆ ಅಂತ. ನರ್ಸರಿಯವನು ಎರಡು ಸಸಿ ತೋರಿಸಿದ. ಕಸಿ ಮಾಡಿದ್ದು ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ, ಗಿಡ ಗಿಡ್ಡ. ಬೀಜದ್ದು ದೊಡ್ಡ ಮರವಾಗುತ್ತದೆ, ಹೂವಿಗೆ ಎಂಟು ಹತ್ತು ವರ್ಷ ಕಾಯಬೇಕು. ನನಗೆ ನಿವೃತ್ತಿಗೆ ಎರಡು ವರ್ಷ. ಆಮೇಲೆ ಧಾರವಾಡಕ್ಕೆ ಮರಳುವುದೋ ಇಲ್ಲೇ ಇರುವುದೋ, ಆ ಮಾತು ಮನೆಯಲ್ಲಿ ಪ್ರತಿ ದೀಪಾವಳಿಗೆ ಶುರುವಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಲೆಕ್ಕದ ಮನುಷ್ಯ ನಾನು, ಕಸಿಯ ಸಸಿಗೆ ಕೈ ಹಾಕಿದ್ದೆ.

"ಬೀಜದ್ದ ಹಚ್ಚೂಣ್ರಿ, ನೆರಳರೆ ಆಗ್ತದ" ಅಂದಳು. ಸ್ವಲ್ಪ ತಡೆದು, "ಎಲ್ಲಿಗೆ ಹೊಂಟೇವಿ ನಾವು?"

ನಾನು ಏನೂ ಹೇಳಲಿಲ್ಲ, ಬೀಜದ ಸಸಿಗೇ ದುಡ್ಡು ಕೊಟ್ಟೆ. ಈ ಮೇ ತಿಂಗಳಿಡೀ ಅದಕ್ಕೆ ಹಸಿರು ನೆಟ್ ಕಟ್ಟಿದ್ದೆವು. ಮೂರು ಎಲೆ ಸುಟ್ಟವು, ನಾಲ್ಕು ಹೊಸದು ಬಂದವು.