ತೆಂಗಿನ ಸೀಮೆಯ ಅಡ್ಡಗಾಳಿ

ತುಮಕೂರಿನಿಂದ ಶಿವಮೊಗ್ಗದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಗುಬ್ಬಿ, ನಿಟ್ಟೂರುಗಳನ್ನು ದಾಟಿದ ಮೇಲೆ ಬಯಲು ಹೊಲಗಳು ಕಡಿಮೆಯಾಗುತ್ತವೆ. ತೆಂಗಿನ ತೋಟಗಳು ದಾರಿಯ ಎರಡು ಮಗ್ಗುಲಲ್ಲಿಯೂ ಒತ್ತಿಕೊಂಡು ಬರುತ್ತವೆ. ಮುಂದೆ ತಿಪಟೂರು, ಎಡಕ್ಕೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ. ಈ ಮೂರು ತಾಲ್ಲೂಕುಗಳಲ್ಲಿ ಮಗಳ ಮದುವೆ, ಮಗನ ಓದು, ಮನೆಯ ಮಾಡು, ದೇವರ ಕಾರ್ಯ ಎಲ್ಲವೂ ಈ ಒಂದು ಮರದ ಮೇಲೆ ನಿಂತಿವೆ. ಪರಸ್ಥಳದಿಂದ ಬಂದವರು ಮರವನ್ನು ನೋಡಿ ಸಂತೋಷಪಡುತ್ತಾರೆ, ಎಳನೀರು ಕುಡಿಯುತ್ತಾರೆ, ಕೊಬ್ಬರಿಯ ಧಾರಣೆ ವಿಚಾರಿಸುತ್ತಾರೆ. ಇಲ್ಲಿಯ ಗಾಳಿಯನ್ನು ವಿಚಾರಿಸುವವರು ಮಾತ್ರ ವಿರಳ.

ಈ ಸೀಮೆಯ ಗಾಳಿಯನ್ನು ಅರಿಯಬೇಕಾದರೆ ಆಷಾಢದಲ್ಲಿ ಬರಬೇಕು. ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಸಿ ಹಗುರಾದ ಮುಂಗಾರು ಮಾರುತವು ಹಾಸನ, ಅರಸೀಕೆರೆಗಳ ಬಯಲನ್ನು ದಾಟಿ ಇಲ್ಲಿಗೆ ಬರುವಷ್ಟರಲ್ಲಿ ನೀರಿಗಿಂತ ವೇಗವನ್ನೇ ಹೆಚ್ಚಾಗಿ ಹೊತ್ತು ತರುತ್ತದೆ. ಮೋಡಗಳು ನೆತ್ತಿಯ ಮೇಲೆ ಓಡುತ್ತವೆ, ನಾಲ್ಕು ಹನಿ ಉದುರಿಸಿ ಮುಂದೆ ಹೋಗುತ್ತವೆ. ಹುಡುಗರು ಗಾಳಿಪಟಕ್ಕೆ ಸೂತ್ರ ಕಟ್ಟಿ, ಬಾಲಂಗೋಚಿಯ ಉದ್ದವನ್ನು ಅಳೆದು ಬಯಲಿಗೆ ಓಡುವುದು ಆಗಲೇ. ತೋಟದ ಒಳಗೆ ನಿಂತವನಿಗೆ ಒಂದು ವಿಚಿತ್ರ ಕಾಣುತ್ತದೆ. ಮೇಲೆ ಗರಿಗಳು ಒಂದೇ ಕಡೆಗೆ ಬಾಗಿ ಭೋರ್ಗರೆಯುತ್ತಿರುತ್ತವೆ. ಕೆಳಗೆ ಪಾತಿಯಲ್ಲಿ ಬಿದ್ದ ಒಣ ಎಲೆ ಅಲುಗುವುದಿಲ್ಲ. ಒಂದೇ ಗಾಳಿ ನೆಲದ ಹತ್ತಿರ ಒಂದು ಬಗೆ, ಐವತ್ತು ಅಡಿಯ ಮೇಲೆ ಇನ್ನೊಂದು ಬಗೆ. ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯವುಂಟು. ಅದರ ಒಳಮಾಳಿಗೆಯ ಕಲ್ಲಿನಲ್ಲಿ ನಡುವೆ ನರ್ತಿಸುವ ಶಿವ, ಸುತ್ತಲೂ ವಾಹನಸಮೇತರಾದ ಅಷ್ಟದಿಕ್ಪಾಲಕರು. ಕತ್ತೆತ್ತಿ ನೋಡಿದಷ್ಟೂ ತೃಪ್ತಿಯಾಗದ ಕೆಲಸ ಅದು. ವಾಯುವಿಗೆ ಶಾಸ್ತ್ರವು ಕೊಟ್ಟಿರುವ ದಿಕ್ಕು ವಾಯವ್ಯ. ಆದರೆ ಆ ಗುಡಿಯ ಹೊರಗೆ ಆಷಾಢದ ಗಾಳಿ ಬಂದು ಮುಖಕ್ಕೆ ಹೊಡೆಯುವುದು ಪಶ್ಚಿಮ-ನೈರುತ್ಯಗಳ ನಡುವಿನಿಂದ. ಈ ಸಣ್ಣ ವ್ಯತ್ಯಾಸ ಮುಂದೆ ನಮ್ಮ ವಿಷಯಕ್ಕೆ ಬೇಕಾಗುತ್ತದೆ.

ತುಮಕೂರಿನಿಂದ ಪಶ್ಚಿಮಕ್ಕೆ ಸ್ಕೂಟರಿನಲ್ಲಿ ಹೊರಟವನಿಗೆ ಆಷಾಢದ ಗಾಳಿ ಎದುರುಗಾಳಿ. ಅದು ವೇಗವನ್ನು ತಗ್ಗಿಸುತ್ತದೆಯೇ ಹೊರತು ದಾರಿ ತಪ್ಪಿಸುವುದಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿ ಚಿಕ್ಕನಾಯಕನಹಳ್ಳಿಯ ರಸ್ತೆ ಹಿಡಿದೊಡನೆ ಅದೇ ಗಾಳಿ ಎಡ ಪಕ್ಕೆಗೆ ಬರುತ್ತದೆ. ತೋಟದ ಮರೆ ಇರುವಷ್ಟು ದೂರ ಏನೂ ತಿಳಿಯದು. ತೋಟ ಮುಗಿದು ಬೋಳು ಹೊಲ ಬಂದ ಕ್ಷಣವೇ ಯಾರೋ ಹೆಗಲಿಗೆ ಕೈಹಾಕಿ ಬಲಕ್ಕೆ ನೂಕಿದಂತಾಗುತ್ತದೆ. ಆ ದಾರಿಯಲ್ಲಿ ದಿನವೂ ಹಾಲಿನ ಕ್ಯಾನು ಕಟ್ಟಿಕೊಂಡು ಓಡಾಡುವವರನ್ನು ಗಮನಿಸಿದ್ದೇನೆ. ಅವರು ಯೋಚಿಸದೆಯೇ ಗಾಳಿಯ ಕಡೆಗೆ ಸ್ವಲ್ಪ ವಾಲಿಕೊಂಡು ನೆಟ್ಟಗೆ ಹೋಗುತ್ತಾರೆ.

ವಿಮಾನ ಇಳಿಸುವವರಿಗೆ ಇದೇ ಅಡ್ಡಗಾಳಿಯೇ ದೊಡ್ಡ ಪರೀಕ್ಷೆ ಎಂಬುದನ್ನು ನನಗೆ ತಿಳಿಸಿಕೊಟ್ಟವಳು ನನ್ನ ಚಿಕ್ಕಪ್ಪನ ಮೊಮ್ಮಗಳು. 2024ರ ಆಷಾಢದಲ್ಲಿ ಅವಳು ಊರಿಗೆ ಬಂದಿದ್ದಳು. ಆಷಾಢಕ್ಕೆ ತವರಿಗೆ ಬರುವವರು ಹೊಸ ಮದುಮಗಳಂದಿರು. ಇವಳು ಬಂದುದು ವಿಮಾನಶಾಲೆಯಿಂದ, ಮುಖ ಬಾಡಿಸಿಕೊಂಡು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿ, ವೈದ್ಯಕೀಯ ಪರೀಕ್ಷೆ ತೇರ್ಗಡೆಯಾಗಿ ಹಿಂದಿನ ವರ್ಷ ಸೇರಿದ್ದಳು. ಅವಳ ತಂದೆ ಶುಲ್ಕಕ್ಕಾಗಿ ತೋಟವನ್ನು ಅಡವಿಟ್ಟಿದ್ದ. 2023 ಎಂದರೆ ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೆ, ಮಾರುಕಟ್ಟೆಯಲ್ಲಿ ಧಾರಣೆ 8,000ದ ಆಸುಪಾಸಿಗೆ ಕುಸಿದಿತ್ತು. ಒಂದು ಗಂಟೆಯ ಹಾರಾಟದ ಶುಲ್ಕಕ್ಕೆ ಒಂದು ಕ್ವಿಂಟಾಲ್ ಕೊಬ್ಬರಿಯೂ ಸಾಲದು. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ನನ್ನ ತಮ್ಮ ಈ ಲೆಕ್ಕವನ್ನು ರೂಪಾಯಿಯಲ್ಲಿ ಮಾಡುತ್ತಿರಲಿಲ್ಲ, ಕಾಯಿಯಲ್ಲಿ ಮಾಡುತ್ತಿದ್ದ.

ಅವಳ ಮೊದಲ ಒಂಟಿ ಹಾರಾಟ ಗಾಳಿ ಇಲ್ಲದ ಮುಂಜಾನೆಯಲ್ಲಿ ಸುಸೂತ್ರವಾಗಿ ಮುಗಿದಿತ್ತು. ಮುಂಗಾರು ಬಂದ ಮೇಲೆ ಕಷ್ಟ ಮೊದಲಾಯಿತು. ಇಳಿಯುವ ಕೊನೆಯ ಕ್ಷಣಗಳಲ್ಲಿ ವಿಮಾನ ರನ್‌ವೇಯ ನಡುಗೆರೆಯನ್ನು ಬಿಟ್ಟು ಅಂಚಿಗೆ ಸರಿಯುತ್ತಿತ್ತು. ಎರಡು ಬಾರಿ ಬೋಧಕರೇ ಚುಕ್ಕಾಣಿ ಹಿಡಿಯಬೇಕಾಯಿತು. ಮೂರು ವಾರ ಒಂಟಿಯಾಗಿ ಹಾರಲು ಅನುಮತಿ ಸಿಗಲಿಲ್ಲ. ‘ದೊಡ್ಡಪ್ಪ, ಇನ್ನು ಅಪ್ಪನ ದುಡ್ಡು ಹಾಳು ಮಾಡೋದು ಬೇಡ ಅನ್ನಿಸ್ತಿದೆ’ ಎಂದು ಜಗುಲಿಯ ಮೇಲೆ ಕುಳಿತು ನನ್ನೊಬ್ಬನಿಗೇ ಹೇಳಿದಳು.

ಸಮಾಧಾನದ ಮಾತು ಆಡಲು ನನಗೆ ಆ ವಿದ್ಯೆಯ ಗಂಧವಿರಲಿಲ್ಲ. ಆದ್ದರಿಂದ ಕೇಳುತ್ತ ಹೋದೆ, ಅವಳು ಹೇಳುತ್ತ ಹೋದಳು.

ರನ್‌ವೇಯ ತುದಿಯಲ್ಲಿ ಬರೆದಿರುವ ಅಂಕಿ ದಿಕ್ಕಿನ ಸೂಚನೆ. 26 ಎಂದರೆ ದಿಕ್ಸೂಚಿಯ 260 ಡಿಗ್ರಿ, ಹೆಚ್ಚುಕಡಿಮೆ ಪಶ್ಚಿಮ. ಅದೇ ಹಾದಿಯ ಇನ್ನೊಂದು ತುದಿ 08. ಗಾಳಿಗೆ ಹೆಸರಿಡುವಾಗ ಅದು ಬರುವ ದಿಕ್ಕನ್ನು ಹೇಳುತ್ತಾರೆ. ಪಡುವಣ ಗಾಳಿ, ಮೂಡಣ ಗಾಳಿ ಎಂಬ ನಮ್ಮ ಹಳ್ಳಿಯ ರೂಢಿಯೂ ಅದೇ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ರನ್‌ವೇ ಇಂತಹ 08-26. ಎಚ್.ಎ.ಎಲ್. ನಿಲ್ದಾಣದಲ್ಲಿಯೂ ದೇವನಹಳ್ಳಿಯಲ್ಲಿಯೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿಯೇ ಇವೆ. ಕಾರಣ ಸರಳ: ನಮ್ಮ ಪ್ರಸ್ಥಭೂಮಿಯಲ್ಲಿ ಮುಂಗಾರಿನಲ್ಲಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ ಗಾಳಿ ಬೀಸುತ್ತದೆ, ವಿಮಾನ ಏರುವುದೂ ಇಳಿಯುವುದೂ ಎದುರುಗಾಳಿಯಲ್ಲಿ ಸುಲಭ. ಕಾಲದ ನೂರರಲ್ಲಿ ತೊಂಬತ್ತೈದು ಪಾಲಾದರೂ ಅಡ್ಡಗಾಳಿ ಅಡ್ಡಿಯಾಗದಂತೆ ರನ್‌ವೇಯ ದಿಕ್ಕನ್ನು ಆರಿಸಬೇಕೆಂಬುದು ಅಂತಾರಾಷ್ಟ್ರೀಯ ನಿಯಮ.

ಹಾಗಾದರೆ ಕಷ್ಟವೇನು? ಗಾಳಿ ರನ್‌ವೇಯ ಅಳತೆಗೆ ಸರಿಯಾಗಿ ಬೀಸುವುದಿಲ್ಲ. ಅವಳು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದ ಲೆಕ್ಕವನ್ನು ಹಾಗೆಯೇ ಕೊಡುತ್ತೇನೆ. 260 ಡಿಗ್ರಿಯ ರನ್‌ವೇಗೆ 240ರಿಂದ 20 ನಾಟ್ ಗಾಳಿ ಬಂದರೆ ಅಡ್ಡಕ್ಕೆ ತಳ್ಳುವ ಪಾಲು ಸುಮಾರು 7 ನಾಟ್. ಅದೇ ಗಾಳಿ ಇನ್ನಿಪ್ಪತ್ತು ಡಿಗ್ರಿ ದಕ್ಷಿಣಕ್ಕೆ ತಿರುಗಿ 220ರಿಂದ ಬಂದರೆ ಅಡ್ಡಪಾಲು 13 ನಾಟಿಗೆ ಏರುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ತರಬೇತಿಯ ಸೆಸ್ನಾ 152 ವಿಮಾನವನ್ನು ತಯಾರಕರು ಪರೀಕ್ಷೆಯಲ್ಲಿ ಇಳಿಸಿ ತೋರಿಸಿರುವ ಅಡ್ಡಗಾಳಿ 12 ನಾಟ್, ಸೆಸ್ನಾ 172ಕ್ಕೆ 15. ವಿದ್ಯಾರ್ಥಿಗಳಿಗೆ ಶಾಲೆಗಳು ಅದಕ್ಕಿಂತ ಕಡಿಮೆಯ ಮಿತಿ ಇಡುತ್ತವೆ. ಅರಳಗುಪ್ಪೆಯ ಗುಡಿಯ ಬಳಿ ನಾನು ಹೇಳಿದ ವ್ಯತ್ಯಾಸ ಇದೇ: ಪಶ್ಚಿಮಕ್ಕೂ ನೈರುತ್ಯಕ್ಕೂ ನಡುವಣ ಆ ಅಂತರದಲ್ಲಿ ಒಂದು ದಿನದ ಹಾರಾಟ ಉಳಿಯುತ್ತದೆ ಅಥವಾ ರದ್ದಾಗುತ್ತದೆ.

ದೊಡ್ಡ ವಿಮಾನಕ್ಕಿಂತ ಚಿಕ್ಕದಕ್ಕೇ ಈ ತೊಂದರೆ ಹೆಚ್ಚೆಂಬುದು ನನಗೆ ಹೊಸ ವಿಷಯ. 140 ನಾಟ್ ವೇಗದಲ್ಲಿ ಇಳಿಯುವ ಜೆಟ್ ವಿಮಾನವು 15 ನಾಟ್ ಅಡ್ಡಗಾಳಿಯಲ್ಲಿ ಮೂತಿಯನ್ನು ಆರು ಡಿಗ್ರಿಯಷ್ಟು ಗಾಳಿಯ ಕಡೆಗೆ ತಿರುಗಿಸಿದರೆ ಸಾಕು; 60 ನಾಟಿನಲ್ಲಿ ಬರುವ ಸೆಸ್ನಾ ಹದಿನಾಲ್ಕು ಡಿಗ್ರಿಗೂ ಮಿಗಿಲಾಗಿ ತಿರುಗಬೇಕು. ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿಸುವ ಅಂಬಿಗನು ಎದುರು ದಡದ ಗುರಿಗಿಂತ ಮೇಲಕ್ಕೆ ಮುಖಮಾಡಿ ಹುಟ್ಟು ಹಾಕುವುದಿಲ್ಲವೇ? ಹಾಗೆ ಓರೆಯಾಗಿ ಬರುವುದಕ್ಕೆ ಅವರ ಭಾಷೆಯಲ್ಲಿ ಏಡಿಯ ಹೆಸರೇ ಉಂಟು. ನಮ್ಮ ಗದ್ದೆಯ ಏಡಿಗೆ ಇಷ್ಟು ದೂರದ ಕೀರ್ತಿ!

ಓರೆಯಾಗಿಯೇ ನೆಲ ಮುಟ್ಟುವಂತಿಲ್ಲ, ಚಕ್ರಗಳು ತಿರುಚಿಕೊಳ್ಳುತ್ತವೆ. ಆದ್ದರಿಂದ ಕೊನೆಯಲ್ಲಿ ಗಾಳಿಯ ಕಡೆಯ ರೆಕ್ಕೆಯನ್ನು ತಗ್ಗಿಸಬೇಕು. ಅದೇ ವೇಳೆಗೆ ಎದುರು ಕಾಲಿನಿಂದ ಪೆಡಲನ್ನು ಒತ್ತಿ ಮೂತಿಯನ್ನು ನಡುಗೆರೆಗೆ ನೇರ ಮಾಡಬೇಕು. ನೆಲ ಹತ್ತಿರವಾದಂತೆ ಗಾಳಿ ಕುಗ್ಗುತ್ತದೆ. ತೋಟದ ಒಳಗೂ ಮೇಲೂ ಕಂಡ ಭೇದ ಇಲ್ಲಿಯೂ ಉಂಟು. ಆದಕಾರಣ ಒಮ್ಮೆ ಕೊಟ್ಟ ವಾಲುವಿಕೆ ಮರುಕ್ಷಣಕ್ಕೆ ಹೆಚ್ಚಾಗಿಬಿಡುತ್ತದೆ. ಗಾಳಿಯ ಕಡೆಯ ಚಕ್ರ ಮೊದಲು ನೆಲ ಮುಟ್ಟಬೇಕು, ಅನಂತರ ಇನ್ನೊಂದು, ಕಡೆಗೆ ಮೂತಿಯ ಚಕ್ರ.

ಒಳಗಿನಿಂದ ಇದೆಲ್ಲವನ್ನೂ ಕೇಳುತ್ತಿದ್ದ ಚಿಕ್ಕಮ್ಮ, ‘ಬಲಗಾಲು ಮೊದಲು ಇಡ್ಬೇಕು ಕಣವ್ವಾ’ ಎಂದರು.

‘ಗಾಳಿ ಎಡದಿಂದ ಬಂದ್ರೆ ಎಡಗಾಲೇ ಅಜ್ಜಿ.’

‘ಹಂಗಾರೆ ನಿಮ್ಮದು ಮನೆ ತುಂಬಿಸಿಕೊಳ್ಳೋ ಶಾಸ್ತ್ರ ಅಲ್ಲ ಬಿಡು’ ಎಂದು ಅವರು ನಕ್ಕರು. ಹುಡುಗಿಯೂ ನಕ್ಕಳು. ಊರಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮರುದಿನ ಯಾವುದೋ ಕೆಲಸಕ್ಕೆ ಅವಳ ಸ್ಕೂಟರಿನ ಹಿಂದೆ ಕುಳಿತು ಚಿಕ್ಕನಾಯಕನಹಳ್ಳಿಗೆ ಹೋದೆ. ತೋಟ ಮುಗಿದಲ್ಲೆಲ್ಲ ಅವಳು ತಾನೇ ತಾನಾಗಿ ಎಡಕ್ಕೆ ವಾಲುತ್ತಿದ್ದಳು. ‘ಇಷ್ಟು ಚೆನ್ನಾಗಿ ಬರುತ್ತಲ್ಲ’ ಎಂದೆ. ‘ಇದೇ ತೊಂದರೆ ದೊಡ್ಡಪ್ಪ’ ಎಂದಳು. ಸ್ಕೂಟರಿನಲ್ಲಿ ಮೈಯೂ ಕೈಯೂ ಒಂದೇ ಕಡೆಗೆ ಹೋಗುತ್ತವೆ. ವಿಮಾನದಲ್ಲಿ ಕೈ ಎಡಕ್ಕೆ, ಕಾಲು ಬಲಕ್ಕೆ. ಕಲಿತ ಮೈ ಅದನ್ನು ಒಪ್ಪುವುದಿಲ್ಲ. ಬೋಧಕರು ‘ಕಾಲು, ಕಾಲು’ ಎಂದು ಕೂಗಿದಾಗ ಅವಳ ಕೈಯೂ ಹಿಂದಕ್ಕೆ ಬಂದುಬಿಡುತ್ತಿತ್ತಂತೆ.

ನಮ್ಮ ನಾಡಿನಲ್ಲಿ ಈ ಪಾಡು ಪಟ್ಟವರಲ್ಲಿ ಇವಳು ಮೊದಲಿಗಳಲ್ಲ. ಸ್ವಾತಂತ್ರ್ಯ ಬಂದ ಒಂದೆರಡು ವರ್ಷಗಳಲ್ಲಿಯೇ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. 1949ರಲ್ಲಿ ಅಲ್ಲಿ ತೇರ್ಗಡೆಯಾದ ಉಷಾ ಸುಂದರಂ ಅವರು 1951ರಲ್ಲಿ ಪತಿ ವಿ. ಸುಂದರಂ ಅವರೊಡನೆ ‘ಡವ್’ ಎಂಬ ಚಿಕ್ಕ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಹಾರಿಸಿ ತಂದರು. ಅದೇ 1951ರಲ್ಲಿ ಎಚ್.ಎ.ಎಲ್. ಸಂಸ್ಥೆಯ ಎಚ್.ಟಿ.-2, 1958ರಲ್ಲಿ ಪುಷ್ಪಕ ಮೊದಲ ಹಾರಾಟ ನಡೆಸಿದವು. ದೇಶದ ಹಾರಾಟ ಸಂಘಗಳಲ್ಲಿ ಒಂದು ತಲೆಮಾರು ಪುಷ್ಪಕದಲ್ಲಿಯೇ ಕಲಿಯಿತು. ಬಟ್ಟೆ ಹೊದಿಸಿದ ಮೈ, ಎರಡೇ ಆಸನ, ಮೂರನೆಯ ಚಕ್ರ ಮೂತಿಯಲ್ಲಲ್ಲದೆ ಬಾಲದಲ್ಲಿ. ಬಾಲಚಕ್ರದ ವಿಮಾನವು ನೆಲ ಮುಟ್ಟಿದ ಮೇಲೂ ಅಡ್ಡಗಾಳಿಗೆ ಬುಗುರಿಯಂತೆ ತಿರುಗಿಬಿಡಬಲ್ಲುದು. ಅದರಲ್ಲಿ ಕಲಿತವರ ಪಾದಗಳು ಎಷ್ಟು ಎಚ್ಚರವಾಗಿದ್ದಿರಬೇಕು! ಇಂದು ಭಾರತದ ಪೈಲಟ್‌ಗಳಲ್ಲಿ ಶೇಕಡ 15ರಷ್ಟು ಮಹಿಳೆಯರು. ಜಗತ್ತಿನ ಸರಾಸರಿ ಶೇಕಡ 5ರ ಆಸುಪಾಸು. ನಮ್ಮ ಸೀಮೆಯ ಅಂಚಿನಲ್ಲಿಯೇ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಗಿದೆ. ಆಕಾಶವು ಈ ಭಾಗದ ಮಕ್ಕಳಿಗೆ ಮೊದಲಿನಷ್ಟು ದೂರವಿಲ್ಲ. ದುಡ್ಡಿನ ದೂರ ಮಾತ್ರ ಹಾಗೆಯೇ ಇದೆ.

ನನ್ನ ತಮ್ಮನಿಗೆ ವಿಷಯ ಹೇಗೋ ತಿಳಿದಿತ್ತು. ಅವನು ಮಗಳನ್ನು ಏನೂ ಕೇಳಲಿಲ್ಲ. ಹೊರಡುವ ಹಿಂದಿನ ಸಂಜೆ ಏಣಿ ಇಟ್ಟು ನಮ್ಮಿಬ್ಬರನ್ನೂ ಅಟ್ಟಕ್ಕೆ ಹತ್ತಿಸಿದ. ಕತ್ತಲಲ್ಲಿ ಗೋಡೆಯಿಂದ ಗೋಡೆಗೆ ಕಾಯಿಯ ರಾಶಿ. ತಿಪಟೂರಿನ ಉಂಡೆ ಕೊಬ್ಬರಿ ಹೀಗೆ ಅಟ್ಟದಲ್ಲಿ ಸಿಪ್ಪೆಯೊಳಗೇ ವರ್ಷದಷ್ಟು ಕಾಲ ಕುಳಿತು, ನೀರು ಇಂಗಿ, ತಿರುಳು ಚಿಪ್ಪನ್ನು ಬಿಡಬೇಕು. ಅವನು ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದ. ಇನ್ನೂ ನೀರಿನ ಸದ್ದು. ‘ಇವು ಇನ್ನು ನಾಲ್ಕು ತಿಂಗಳು. ಕಾರ್ತಿಕ ಕಳೆದ ಮೇಲೆ ಒಡೆಸಿದ್ರೆ ಮುಂದಿನ ಕಂತಿಗೆ ಆಗುತ್ತೆ. ನೀನು ಗಂಟೆ ಲೆಕ್ಕ ನೋಡ್ಕೋ, ದುಡ್ಡಿನ ಲೆಕ್ಕ ನಂದು’ ಎಂದ. ಅಷ್ಟೇ ಮಾತು.

ಅವಳು ಹಿಂತಿರುಗಿದಳು. ಬೋಧಕರು ಕೆಲವು ದಿನ ಅವಳನ್ನು ಇಳಿಯಲು ಬಿಡಲೇ ಇಲ್ಲ. ರನ್‌ವೇಯ ಮೇಲೆ ಆಳೆತ್ತರದಲ್ಲಿ, ಒಂದು ರೆಕ್ಕೆ ತಗ್ಗಿಸಿ, ನಡುಗೆರೆಯ ಮೇಲೆ ಕೊನೆಯವರೆಗೂ ಹಾರಿಸಿ ಮತ್ತೆ ಮೇಲೇರಿಸುವ ಅಭ್ಯಾಸ ಕೊಟ್ಟರು. ಇಳಿಯುವ ಆತುರವಿಲ್ಲದಾಗ ಕೈಗೂ ಕಾಲಿಗೂ ಹೊಂದಾಣಿಕೆ ಬಂತು. ಒಂದು ದಿನ ಬೀಸುಗಾಳಿ ಹಠಾತ್ತನೆ ಏರಿತು. ಅವಳು ಯಾರೂ ಹೇಳುವ ಮೊದಲೇ ಇಳಿಯುವುದನ್ನು ಕೈಬಿಟ್ಟು ಮೇಲೇರಿ ಒಂದು ಸುತ್ತು ಹಾಕಿ ಬಂದಳು, ಎರಡನೆಯ ಸಲವೂ ಹಾಗೆಯೇ ಮಾಡಿದಳು. ಮಾರನೆಯ ಬೆಳಗ್ಗೆ ಬೋಧಕರು ವಿಮಾನದಿಂದ ಇಳಿದು ಬಾಗಿಲು ಹಾಕಿ, ‘ಹೋಗಿ ಬಾ’ ಎಂದರಂತೆ. ಗಾಳಿ ಎಡದಿಂದ, ಅಡ್ಡಪಾಲು 9 ನಾಟ್. ಫೋನಿನಲ್ಲಿ ಕೇಳಿದ ಈ ಅಂಕಿಯನ್ನು ನನ್ನ ತಮ್ಮ ಕೊಬ್ಬರಿ ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾನೆ.

2025ರಲ್ಲಿ ಕೊಬ್ಬರಿಯ ಧಾರಣೆ ಯಾರೂ ಕಾಣದಷ್ಟು ಏರಿ ಕ್ವಿಂಟಾಲಿಗೆ 20,000 ರೂಪಾಯಿಯನ್ನು ದಾಟಿತು. ಅಟ್ಟ ಖಾಲಿಯಾಯಿತು, ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿತು. ಆ ವರ್ಷದ ಆಷಾಢಕ್ಕೆ ಚಿಕ್ಕಮ್ಮ ಮೊಮ್ಮಗಳಿಗಾಗಿ ಒಬ್ಬಟ್ಟಿನ ಸಿದ್ಧತೆ ಮಾಡಿಕೊಂಡು ಕಾದಿದ್ದರು. ಅವಳು ಬರಲಿಲ್ಲ. ಗಾಳಿ ಚೆನ್ನಾಗಿ ಬೀಸುತ್ತಿದೆ, ಇಂತಹ ದಿನಗಳನ್ನು ಬಿಟ್ಟು ಬರಲಾಗದು, ಶ್ರಾವಣದಲ್ಲಿ ಬರುತ್ತೇನೆ ಎಂದು ಹೇಳಿಕಳುಹಿಸಿದಳು.