ಏದುಸಿರೂ ಎಣಿಸಿದ ಉಸಿರೂ

ಉಸಿರಿನ ವಿಷಯದಲ್ಲಿ ಕನ್ನಡ ಬಡಭಾಷೆಯೇನಲ್ಲ. ಬಸ್ಸಿನ ಹಿಂದೆ ಓಡಿದವನಿಗೆ ಏದುಸಿರು, ಮಗಳ ಮದುವೆ ಮುಗಿಸಿದವನಿಗೆ ನಿಟ್ಟುಸಿರು, ಗೂರಲು ರೋಗಿಗೆ ಉಬ್ಬಸ, ಕೊನೆಗಾಲಕ್ಕೆ ಮೇಲುಸಿರು. ಇಷ್ಟೆಲ್ಲ ಇದ್ದರೂ ಆಸ್ಪತ್ರೆಯ ಚೀಟಿಯಲ್ಲಿ ಡಾಕ್ಟರು ಬರೆಯುವುದು ‘ಟ್ಯಾಕಿಪ್ನಿಯಾ’ ಎಂದು. ಓದಿದವರ ಉಸಿರು ಅಲ್ಲಿಗೇ ಅರ್ಧ ನಿಲ್ಲುತ್ತದೆ.

ಅದು ರೋಗದ ಹೆಸರೇ ಅಲ್ಲವಂತೆ. ಗ್ರೀಕ್ ಭಾಷೆಯಲ್ಲಿ ‘ಟ್ಯಾಕಿಸ್’ ಎಂದರೆ ವೇಗದ್ದು, ‘ಪ್ನೊಯೆ’ ಎಂದರೆ ಉಸಿರು. ಬೇಗ ಬೇಗ ಉಸಿರಾಡುವುದು ಎಂದಷ್ಟೇ ಅರ್ಥ. ಜ್ವರವೋ, ರಕ್ತಹೀನತೆಯೋ, ಹೃದಯದ ತೊಂದರೆಯೋ, ಬರಿಯ ಗಾಬರಿಯೋ, ಏಕೆಂಬುದನ್ನು ಅದು ಹೇಳುವುದಿಲ್ಲ.

“ಹಾಗಾದರೆ ಏದುಸಿರು ಎಂದೇ ಬರೆಯಬಾರದೇನಯ್ಯ?” ಎಂದು ನನ್ನ ಗೆಳೆಯನೊಬ್ಬನನ್ನು ಕೇಳಿದೆ. ನಲವತ್ತು ವರ್ಷ ಮಕ್ಕಳ ಡಾಕ್ಟರಾಗಿದ್ದವನು.

“ಏದುಸಿರು ಎಂದರೆ ಪಾಪ, ಕಷ್ಟಪಡುತ್ತಿದ್ದಾನೆ ಎಂದಾಯಿತು. ಅದಕ್ಕೆ ಡಿಸ್ಪ್ನಿಯಾ ಅಂತ ಬೇರೆ ಪದವಿದೆ. ಆ ಕಷ್ಟವನ್ನು ರೋಗಿಯೇ ಹೇಳಬೇಕು. ಇದನ್ನು ನಾವು ಎಣಿಸಬೇಕು ಕಣಯ್ಯ.”

ದೊಡ್ಡವರು ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಯೋಗಗ್ರಂಥಗಳು ದಿನಕ್ಕೆ 21,600 ಉಸಿರು ಎನ್ನುತ್ತವೆ. ಕುತೂಹಲಕ್ಕೆ ಭಾಗಿಸಿ ನೋಡಿದೆ. ನಿಮಿಷಕ್ಕೆ ಸರಿಯಾಗಿ 15! ಕೈಗಡಿಯಾರವಿಲ್ಲದ ಹಿರಿಯರ ಲೆಕ್ಕ ಮೆಚ್ಚುವಂಥದೇ.

ಮಕ್ಕಳ ಲೆಕ್ಕ ಬೇರೆ. ಕೆಮ್ಮುವ ಮಗುವಿಗೆ ಎರಡು ತಿಂಗಳು ತುಂಬಿರದಿದ್ದರೆ 60, ವರ್ಷದೊಳಗಾದರೆ 50, ಐದು ವರ್ಷದೊಳಗಾದರೆ 40. ಇಷ್ಟು ಮುಟ್ಟಿದರೆ ನ್ಯುಮೋನಿಯಾ ಇರಬಹುದೆಂದು ಎಚ್ಚರಗೊಳ್ಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಎಕ್ಸ್‌ರೇ ಇಲ್ಲದ ಹಳ್ಳಿಗಾಗಿ ಹುಟ್ಟಿದ ಉಪಾಯವಿದು. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ, ಅಷ್ಟು ದೊಡ್ಡ ಸಂಖ್ಯೆಯವರೆಗೆ ಎಣಿಸಲು ಬಾರದ ಹಳ್ಳಿಯವರೂ ಉಸಿರಿನ ಲೆಕ್ಕ ಹಿಡಿಯಲೆಂದು ಮಣಿಗಳ ಸಾಧನವೊಂದನ್ನು ಮಾಡಿಕೊಟ್ಟರು. ಜಪಮಣಿಯ ನಾಡಿನಲ್ಲಿ ಇದು ತೋಚಿದ್ದು ಸಹಜವೇ.

ಈ ವಿದ್ಯೆ ನಮ್ಮ ಮನೆಗೂ ಬಂತು. ಹೋದ ಮಳೆಗಾಲದಲ್ಲಿ ಮಗಳು ಬಾಣಂತನದ ನಂತರ ಎರಡನೆಯ ಸಲ ತವರಿಗೆ ಬಂದಿದ್ದಳು. ಎಂಟು ತಿಂಗಳ ಮೊಮ್ಮಗಳಿಗೆ ಎರಡು ದಿನದಿಂದ ನೆಗಡಿ, ಕೆಮ್ಮು. ರಾತ್ರಿ ಹತ್ತಕ್ಕೆ ಹಾಲು ಬೇಡವೆಂದಿತು. ಮೈ ಅಷ್ಟೇನೂ ಸುಡುತ್ತಿರಲಿಲ್ಲ. “ಶೀತ, ಬೆಳಗಾದರೆ ಸರಿಹೋಗುತ್ತದೆ” ಎಂದರು ಪಕ್ಕದ ಮನೆಯವರು. ನನ್ನ ಹೆಂಡತಿಗೆ ಮಾತ್ರ ಸಮಾಧಾನವಿಲ್ಲ. ಗೆಳೆಯನಿಗೆ ಫೋನು ಮಾಡಿದೆ.

“ಅಳುವಾಗ ಎಣಿಸಬೇಡ. ನಿದ್ದೆ ಹತ್ತಲಿ. ಅಂಗಿ ಮೇಲೆತ್ತಿ ಹೊಟ್ಟೆ ನೋಡು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಜಾಣತನ ಬೇಡ. ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಪೂರ್ತಿ ಒಂದು ನಿಮಿಷ.”

ನಾನು ಗಡಿಯಾರ ನೋಡಿದೆ, ಅವಳು ಎಣಿಸಿದಳು. ಆ ಪುಟ್ಟ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ನಿಮಿಷ ಅಷ್ಟು ಉದ್ದವೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಐವತ್ತಾರು. ಮತ್ತೊಮ್ಮೆ ಎಣಿಸಿದಳು, ಐವತ್ತೆಂಟು. ಪಕ್ಕೆಲುಬಿನ ಕೆಳಗೆ ಪ್ರತಿ ಉಸಿರಿಗೂ ಸಣ್ಣ ಗುಳಿ ಬೀಳುತ್ತಿತ್ತು. ಅದನ್ನೂ ಹೇಳಿದೆ.

“ಬೆಳಗಿನವರೆಗೆ ಕಾಯಬೇಡ, ಈಗಲೇ ಹೊರಡು” ಎಂದ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ, ತಾನೂ ಎಣಿಸಿ ಟ್ಯಾಕಿಪ್ನಿಯಾ ಎಂದು ಬರೆದಳು. ಆಮ್ಲಜನಕ ಕೊಟ್ಟರು, ಔಷಧಿ ಶುರುವಾಯಿತು. ಮಗಳು ಮಾತಾಡಲಿಲ್ಲ, ಮಗುವಿನ ಕಾಲು ಹಿಡಿದುಕೊಂಡೇ ಕುಳಿತಿದ್ದಳು. ಹೆಂಡತಿ ಗಂಟೆಗೊಮ್ಮೆ ಎಣಿಸಿ, ಔಷಧಿ ಅಂಗಡಿಯ ಬಿಲ್ಲಿನ ಹಿಂದೆ ಬರೆಯುತ್ತ ಹೋದಳು. ಬೆಳಗಿನ ಜಾವಕ್ಕೆ 52. ಮರುದಿನ ಸಂಜೆ 46. ಮೂರನೆಯ ದಿನ 38 ಎಂದು ಬರೆದವಳು ಪೆನ್ನು ಕೆಳಗಿಟ್ಟು, ಹಾಲು ಬಿಸಿ ಮಾಡಿಸಿಕೊಂಡು ಬನ್ನಿ ಎಂದು ನನ್ನನ್ನು ಕ್ಯಾಂಟೀನಿಗೆ ಅಟ್ಟಿದಳು.